ಮಂಡಿಗೆ ಶಾಖ: ರಬ್ಬರ್ ಚೀಲವೋ, ಹೀಟಿಂಗ್ ಪ್ಯಾಡೋ, ‘ಕರೆಂಟ್’ ಕೊಡಿಸುವುದೋ?

ಕೀಲು ಸವೆತದ ಬಗ್ಗೆ ಏನೇ ಬರೆಯಲಿ, ಓದುಗರು ಕೊನೆಗೆ ಕೇಳುವುದು ಶಾಖದ ವಿಷಯವನ್ನೇ. ಅಮ್ಮನಿಗೆ ಹೀಟಿಂಗ್ ಪ್ಯಾಡ್ ಕೊಡಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು? ಮನೆಯಲ್ಲಿ ಬಿಸಿನೀರಿನ ಚೀಲ ಇದೆ, ಅದು ಸಾಲದೇ? ಪಕ್ಕದ ಮನೆಯವರು ಹತ್ತು ದಿನ ‘ಕರೆಂಟ್’ ಕೊಡಿಸಿಕೊಂಡು ಸಲೀಸಾಗಿ ಓಡಾಡುತ್ತಿದ್ದಾರೆ, ನಾವೂ ಹೋಗೋಣವೇ? ಮಂಡಿಯ ಮೇಲೆ ಬೆಚ್ಚಗಿನ ತೈಲ ನಿಲ್ಲಿಸುವ ಆಯುರ್ವೇದದ ಜಾನು ಬಸ್ತಿ ಮಾಡಿಸಿದರೆ ಆಪರೇಷನ್ ತಪ್ಪುತ್ತದಂತೆ, ಹೌದೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಂಡಿ ಸವೆದ ಬಹುಪಾಲು ಜನರಿಗೆ ಐನೂರು ರೂಪಾಯಿಯೊಳಗಿನ ಸಾಧನವೇ ಸಾಕು. ಯಂತ್ರ ದೊಡ್ಡದಾದಂತೆ, ಶಾಖ ಆಳಕ್ಕಿಳಿದಂತೆ ಉಪಯೋಗವೂ ಹೆಚ್ಚುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಆದರೆ ಐನೂರು ರೂಪಾಯಿಯೊಳಗಿನ ಸಾಧನಗಳಲ್ಲೂ ನಿಮಗೆ ಹೊಂದುವುದು ಬೇರೆ, ನಿಮ್ಮ ಭಾವನಿಗೆ ಹೊಂದುವುದು ಬೇರೆ. ಕೆಲವರಿಗಂತೂ ಯಾವ ಶಾಖವೂ ಸಲ್ಲದು. ಅದನ್ನು ವಿಂಗಡಿಸಿಕೊಳ್ಳಲು ಈ ಬರಹ.

ಶಾಖದಿಂದ ಆಗುವುದೇನು, ಆಗದಿರುವುದೇನು

ಮಂಡಿಯ ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ ತೆಳುವಾಗುವುದು, ಅಂಚಿನಲ್ಲಿ ಮೂಳೆಯ ಮುಳ್ಳು ಬೆಳೆಯುವುದು, ಒಳಪೊರೆ ಆಗಾಗ ಉರಿಯೂತಕ್ಕೆ ಒಳಗಾಗುವುದು, ಇವೆಲ್ಲ ಸೇರಿ ಕೀಲು ಸವೆತ. ಸವೆದದ್ದನ್ನು ಶಾಖ ಮರಳಿ ಬೆಳೆಸುವುದಿಲ್ಲ. ಎಣ್ಣೆ, ಮೇಣ, ಕೆಂಪು ದೀಪ, ಯಂತ್ರ ಯಾವುದರಿಂದಲೂ ಅದು ಸಾಧ್ಯವಿಲ್ಲ.

ಆದರೂ ಶಾಖ ಹಿತವೆನಿಸುವುದು ಬರೀ ಭ್ರಮೆಯಲ್ಲ. ನೋವಿರುವ ಕೀಲನ್ನು ಕಾಯಲು ಸುತ್ತಲಿನ ಸ್ನಾಯುಗಳು ಬಿಗಿಹಿಡಿದುಕೊಂಡಿರುತ್ತವೆ. ಬಿಸಿ ತಾಗಿದಾಗ ರಕ್ತನಾಳಗಳು ಹಿಗ್ಗುತ್ತವೆ, ಸ್ನಾಯುವಿನ ಬಿಗಿತ ಸಡಿಲುತ್ತದೆ, ಕೀಲಿನ ಸುತ್ತಲಿನ ಅಂಗಾಂಶ ಸ್ವಲ್ಪ ಮಟ್ಟಿಗೆ ಹೆಚ್ಚು ಬಾಗುತ್ತದೆ. ಚರ್ಮದಿಂದ ಹೊರಟ ಬಿಸಿಯ ಸಂದೇಶ ನೋವಿನ ಸಂದೇಶವನ್ನು ಬೆನ್ನುಹುರಿಯ ಮಟ್ಟದಲ್ಲೇ ಮಂಕಾಗಿಸುತ್ತದೆ. ಇದರ ಫಲ ಹೆಚ್ಚೆಂದರೆ ಒಂದೆರಡು ಗಂಟೆಯದು. ಆ ಹೊತ್ತಿನಲ್ಲಿ ನೀವೇನು ಮಾಡುತ್ತೀರಿ ಎಂಬುದೇ ಮುಖ್ಯ. ತೊಡೆಯ ಮುಂಭಾಗದ ಸ್ನಾಯುವಿಗೆ ವ್ಯಾಯಾಮ ಕೊಟ್ಟು, ನಾಲ್ಕು ಹೆಜ್ಜೆ ನಡೆದರೆ ಶಾಖ ಸಾರ್ಥಕ. ಶಾಖ ಕೊಟ್ಟುಕೊಂಡು ಮತ್ತೆ ಧಾರಾವಾಹಿ ನೋಡುತ್ತ ಕುಳಿತರೆ ಸಿಗುವುದು ಹಾಯೆನಿಸಿದ ಅರ್ಧ ಗಂಟೆ ಮಾತ್ರ.

ವೈದ್ಯಕೀಯ ಮಾರ್ಗಸೂಚಿಗಳ ಧಾಟಿಯೂ ಹೆಚ್ಚುಕಡಿಮೆ ಇದೇ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನೂ, ತೂಕ ಹೆಚ್ಚಿದ್ದವರಿಗೆ ತೂಕ ಇಳಿಸುವುದನ್ನೂ ಬಲವಾಗಿ ಶಿಫಾರಸು ಮಾಡಿತು. ಬಿಸಿ ಅಥವಾ ತಂಪು ಕೊಡುವುದಕ್ಕೆ ಷರತ್ತಿನ, ಅಂದರೆ ಅಷ್ಟೇನೂ ಬಲವಿಲ್ಲದ, ಒಪ್ಪಿಗೆಯನ್ನಷ್ಟೇ ನೀಡಿತು. ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2003ರ ಪರಿಶೀಲನೆಗೆ ಸಿಕ್ಕಿದ್ದು ಮೂರೇ ಮೂರು ಸಣ್ಣ ಅಧ್ಯಯನಗಳು. ಅದರಲ್ಲಿ ಊತದ ಮಟ್ಟಿಗೆ ಬಿಸಿಯ ಪಟ್ಟಿಯಿಂದ ಪ್ರಯೋಜನ ಕಾಣಲಿಲ್ಲ, ತಂಪಿನ ಪಟ್ಟಿಯಿಂದ ಕಂಡಿತು. ಪುರಾವೆ ಇಷ್ಟು ತೆಳುವಾಗಿರುವಾಗ ಶಾಖಕ್ಕಾಗಿ ಸಾವಿರಾರು ರೂಪಾಯಿ ಸುರಿಯುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಅಂಗಡಿಗೆ ಹೋಗುವ ಮುನ್ನ ಕೇಳಿಕೊಳ್ಳಬೇಕಾದವು

ಎಲ್ಲಕ್ಕಿಂತ ಮೊದಲು ಚರ್ಮದ ಪ್ರಶ್ನೆ: ಅದಕ್ಕೆ ಬಿಸಿ ಸರಿಯಾಗಿ ತಿಳಿಯುತ್ತದೆಯೇ? ಮಂಡಿ ನೋವಿರುವ ಹಿರಿಯರಲ್ಲಿ ಸಕ್ಕರೆ ಕಾಯಿಲೆಯವರು ಬಹಳ. ಸಕ್ಕರೆ ಹಳೆಯದಾದಂತೆ ಕಾಲಿನ ನರಗಳು ಮಂಕಾಗುತ್ತವೆ. ‘ಇನ್ನೂ ಬಿಸಿ ತಾಗುತ್ತಿಲ್ಲ, ಜಾಸ್ತಿ ಮಾಡು’ ಎಂದು ಅವರು ಹೇಳುತ್ತಿರುವಾಗಲೇ ಚರ್ಮ ಸುಡುತ್ತಿರಬಹುದು. ಫಿಸಿಯೋಥೆರಪಿಸ್ಟರು ಶಾಖ ಕೊಡುವ ಮುನ್ನ ಎರಡು ಗಾಜಿನ ನಳಿಕೆಗಳಲ್ಲಿ ಬಿಸಿನೀರು, ತಣ್ಣೀರು ಹಿಡಿದು ಮಾಡುವ ಪರೀಕ್ಷೆಯನ್ನು ಮನೆಯಲ್ಲಿ ಎರಡು ಸ್ಟೀಲ್ ಚಮಚಗಳಿಂದ ಮಾಡಬಹುದು. ಒಂದನ್ನು ಕೈಗೆ ಹಿತವೆನಿಸುವ ಬಿಸಿನೀರಿನಲ್ಲಿ, ಇನ್ನೊಂದನ್ನು ಫ್ರಿಜ್ಜಿನ ನೀರಿನಲ್ಲಿ ಅದ್ದಿ ಒರೆಸಿಕೊಳ್ಳಿ. ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ, ಮಂಡಿಯ ಮುಂದೆ, ಪಕ್ಕದಲ್ಲಿ, ಹಿಂದೆ, ಮೀನಖಂಡದ ಮೇಲೆ ಕ್ರಮ ತಪ್ಪಿಸಿ ಮುಟ್ಟಿಸುತ್ತ ‘ಬಿಸಿಯೋ, ತಣ್ಣಗೋ’ ಎಂದು ಕೇಳಿ. ಉತ್ತರ ತಡವರಿಸಿದರೆ, ಒಮ್ಮೆ ತಪ್ಪಿದರೂ, ವೈದ್ಯರನ್ನು ಕೇಳುವವರೆಗೆ ಶಾಖದ ಸಾಧನ ಬೇಡ. ಉತ್ತರವೆಲ್ಲ ಸರಿಯಾದ ಮಾತ್ರಕ್ಕೆ ನರಗಳು ಚೆನ್ನಾಗಿವೆ ಎಂದು ವೈದ್ಯರು ಸರ್ಟಿಫಿಕೇಟ್ ಕೊಟ್ಟಂತೆಯೂ ಅಲ್ಲ. ಸಕ್ಕರೆ ಹತ್ತಾರು ವರ್ಷದ್ದಾಗಿದ್ದರೆ ಅವರಿಂದ ಪಾದದ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ಆಮೇಲೆ, ಮಂಡಿ ಬರೀ ಬಿಗಿದಿದೆಯೋ, ಊದಿದೆಯೋ ಎಂದು ನೋಡಿ. ಬೆಳಿಗ್ಗೆ ಎದ್ದಾಗ ಹತ್ತು ಹದಿನೈದು ನಿಮಿಷ ಕಾಲು ಮಡಚಲಾಗದೆ, ನಡೆದಾಡಿದ ಮೇಲೆ ಸಡಿಲಾಗುವುದು ಸವೆತದ ಸ್ವಭಾವ. ಇದಕ್ಕೆ ಶಾಖ ಒಪ್ಪುತ್ತದೆ. ಮದುವೆ ಮನೆಯಲ್ಲಿ ಮೂರು ದಿನ ನಿಂತು ಬಂದ ಮೇಲೆ ಮಂಡಿ ಊದಿ, ಮುಟ್ಟಿದರೆ ತಾನೇ ಬೆಚ್ಚಗಿದ್ದರೆ ಆಗ ಬೇಕಾದ್ದು ತಂಪು. ಟವೆಲಿನಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ತಂಪು ಕೊಟ್ಟರೆ ವಾತ ಕೆರಳುತ್ತದೆ ಎಂದು ನಮ್ಮ ಹಿರಿಯರು ಐಸನ್ನು ಹತ್ತಿರ ಸೇರಿಸುವುದಿಲ್ಲ. ಒತ್ತಾಯ ಬೇಡ. ಆದರೆ ಊದಿದ ಮಂಡಿಗೆ ಬಿಸಿಯನ್ನಂತೂ ಕೊಡಬೇಡಿ.

ಮೂರನೆಯದು, ನೋವು ಯಾವ ಕೀಲಿನದು ಎಂಬುದು. ಹೊರಗಿನಿಂದ ಕೊಟ್ಟ ಶಾಖ ಒಂದು ಸೆಂಟಿಮೀಟರಿನಷ್ಟು ಇಳಿಯುವ ಹೊತ್ತಿಗೆ ಬಹುಪಾಲು ಕರಗಿಹೋಗಿರುತ್ತದೆ. ಬೆರಳಿನ ಗಿಣ್ಣಿಗೆ ಅದು ಸಾಕು. ಮಂಡಿಗೆ ಅಷ್ಟೋ ಇಷ್ಟೋ ತಲುಪುತ್ತದೆ. ಸೊಂಟದ ಕೀಲಂತೂ ದಪ್ಪ ಸ್ನಾಯುಗಳ ಅಡಿಯಲ್ಲಿ ಹುದುಗಿರುವುದರಿಂದ ಅಲ್ಲಿ ಸಡಿಲವಾಗುವುದು ಸ್ನಾಯುಗಳಷ್ಟೇ.

ನಾಲ್ಕನೆಯದನ್ನು ಯಾರೂ ಕೇಳುವುದೇ ಇಲ್ಲ: ಇದನ್ನು ದಿನವೂ ಮಾಡುವವರು ಯಾರು? ಹೆಬ್ಬೆರಳಿನ ಬುಡ ಸವೆದ ಹೆಂಗಸಿಗೆ ರಬ್ಬರ್ ಚೀಲದ ಬಿರಡೆ ತಿರುಗಿಸಲು ಆಗುವುದಿಲ್ಲ. ಕೈ ನಡುಗುವವರು ಕುದಿಯುವ ನೀರನ್ನು ಚೀಲದ ಸಣ್ಣ ಬಾಯಿಗೆ ಹೊಯ್ದುಕೊಳ್ಳುವುದು ಅಪಾಯ. ಸೊಸೆ ಕೆಲಸಕ್ಕೆ ಹೋಗುವ ಮನೆಯಲ್ಲಿ ಎರಡನೆಯವರ ನೆರವು ಬೇಕಾದ ಶಾಖ ವಾರದೊಳಗೆ ನಿಂತುಹೋಗುತ್ತದೆ.

ಖರ್ಚು ಕೊನೆಯದು. ಅದರಲ್ಲೂ ಕೊಂಡ ದಿನದ ಬೆಲೆಯನ್ನಲ್ಲ, ಆರು ತಿಂಗಳ ಖರ್ಚನ್ನು ಲೆಕ್ಕ ಹಾಕಿ.

ರಬ್ಬರ್ ಚೀಲ

ಔಷಧದಂಗಡಿಯಲ್ಲಿ ಸುಮಾರು 200ರಿಂದ 400 ರೂಪಾಯಿಗೆ ಸಿಗುವ ಇದು ಇಂದಿಗೂ ನನ್ನ ಪಟ್ಟಿಯಲ್ಲಿ ಮೇಲಿದೆ. ಕರೆಂಟ್ ಹೋದರೂ ನಡೆಯುತ್ತದೆ, ಕೆಡುವ ತಂತಿ ಇಲ್ಲ, ಹೊತ್ತು ಕಳೆದಂತೆ ತಾನಾಗಿಯೇ ಆರುತ್ತದೆ. ಮರೆತು ನಿದ್ದೆ ಹೋದರೆ ಬಿಸಿ ಏರುವುದಿಲ್ಲ, ಇಳಿಯುತ್ತದೆ.

ಅನಾಹುತವಾಗುವುದು ನೀರು ತುಂಬುವ ರೀತಿಯಿಂದ. ಒಲೆಯಿಂದ ಇಳಿಸಿದ ಕುದಿನೀರನ್ನು ನೇರ ಸುರಿಯಬೇಡಿ. ಅರ್ಧ ಕುದಿನೀರು, ಅರ್ಧ ನಲ್ಲಿ ನೀರು ಬೆರೆಸಿದರೆ 60 ಡಿಗ್ರಿಯ ಆಸುಪಾಸು ಬರುತ್ತದೆ. ಅದೂ ಬರಿಯ ಚರ್ಮಕ್ಕೆ ಕೆಲವೇ ಕ್ಷಣಗಳಲ್ಲಿ ಸುಟ್ಟಗಾಯ ಮಾಡುವಷ್ಟು ಬಿಸಿಯೇ. ಆದ್ದರಿಂದ ದಪ್ಪ ಟವೆಲಿನ ಹೊದಿಕೆ ಬೇಕೇ ಬೇಕು. ಮುಕ್ಕಾಲಿಗಿಂತ ಕಡಿಮೆ ತುಂಬಿ, ಚೀಲವನ್ನು ಮೆಲ್ಲಗೆ ಒತ್ತಿ ಗಾಳಿ ಹೊರಗೆ ಬಿಟ್ಟು ಬಿರಡೆ ಹಾಕಿ, ತಲೆಕೆಳಗು ಮಾಡಿ ಹನಿ ಬೀಳುತ್ತದೆಯೇ ನೋಡಿ. ಮಂಡಿಯ ಮೇಲೆ ಅಥವಾ ಪಕ್ಕಕ್ಕೆ ಇಟ್ಟುಕೊಳ್ಳಿ. ಅದರ ಮೇಲೆ ಮಲಗಬೇಡಿ, ಕೂರಬೇಡಿ. ರಬ್ಬರಿಗೂ ಮುಪ್ಪು ಬರುತ್ತದೆ: ಕತ್ತಿನ ಹತ್ತಿರ ಮಡಚಿದಾಗ ಸಣ್ಣ ಬಿರುಕು ಕಂಡರೆ, ಇಲ್ಲವೇ ಕೊಂಡು ಎರಡು ವರ್ಷವಾಗಿದ್ದರೆ ಹೊಸದು ತನ್ನಿ. ನೂರಾರು ರೂಪಾಯಿ ಉಳಿಸಲು ಹೋಗಿ ತೊಡೆಯ ಮೇಲೆ ಬಿಸಿನೀರು ಒಡೆದುಕೊಂಡವರ ಕಥೆ ಎಲ್ಲ ಊರಿನಲ್ಲೂ ಇರುತ್ತದೆ.

ಇದಕ್ಕಿರುವ ಕೊರತೆ ಎರಡು. ಚೀಲ ಮಂಡಿಯ ಆಕಾರಕ್ಕೆ ಬಾಗುವುದಿಲ್ಲ, ಮೇಲೆ ಕುಳಿತು ಜಾರುತ್ತದೆ. ಇನ್ನೊಂದು, ಮೊದಲ ಐದು ನಿಮಿಷ ಬಿಸಿ ಹೆಚ್ಚು, ಕೊನೆಯ ಐದು ನಿಮಿಷ ಕಡಿಮೆ.

ಪ್ಲಗ್ ಹಾಕುವ ಜೆಲ್ ಚೀಲ

ಮಖಮಲ್ಲಿನ ಹೊದಿಕೆಯೊಳಗೆ ದ್ರವ ತುಂಬಿದ, ಮೂಲೆಯಲ್ಲಿ ಪ್ಲಗ್ ಹಾಕುವ ಈ ಚೀಲವನ್ನು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಮಾರುತ್ತಾರೆ. ಬೆಲೆ ಸುಮಾರು 300ರಿಂದ 600 ರೂಪಾಯಿ. ಹತ್ತು ನಿಮಿಷದೊಳಗೆ ಕಾದು ದೀಪ ಆರುತ್ತದೆ, ಪ್ಲಗ್ ತೆಗೆದು ಬಳಸಬೇಕು. ನೀರು ಸುರಿಯುವ ಗೋಜಿಲ್ಲ, ಬಿರಡೆ ತಿರುಗಿಸುವ ಕಷ್ಟವಿಲ್ಲ. ಬೆರಳು ಸವೆದವರಿಗೆ, ಒಬ್ಬರೇ ಇರುವವರಿಗೆ ಇದು ರಬ್ಬರ್ ಚೀಲಕ್ಕಿಂತ ಅನುಕೂಲ. ಕರೆಂಟ್ ಹೊತ್ತುಗೊತ್ತಿಲ್ಲದೆ ಹೋಗುವ ಊರಿನಲ್ಲಿಯೂ, ಇದ್ದಾಗ ಕಾಯಿಸಿಟ್ಟುಕೊಂಡು ಆಮೇಲೆ ಬಳಸಬಹುದು.

ಪ್ಲಗ್ ಇರುವಾಗ ಮೈಗೆ ತಾಗಿಸಿಕೊಳ್ಳಬಾರದು ಎಂಬ ನಿಯಮ ಮುರಿದರೆ ಇದು ಅಪಾಯಕಾರಿ. ಒಳಗಿರುವುದು ದ್ರವ, ಅದರೊಳಗೆ ಕಾಯಿಸುವ ಕಡ್ಡಿ. ಕಾಯುವಾಗ ಚೀಲ ನೆಟ್ಟಗೆ, ಸಮತಟ್ಟಾದ ಜಾಗದಲ್ಲಿರಬೇಕು. ಸೋರುವ ಗುರುತು ಕಂಡರೆ ಕಸಕ್ಕೆ ಹಾಕಿ, ಅಂಟು ಹಚ್ಚುವ ಸಾಹಸ ಬೇಡ. ತೀರಾ ಅಗ್ಗದವುಗಳಲ್ಲಿ ತಾನಾಗಿ ನಿಲ್ಲುವ ಸ್ವಿಚ್ ಕೈಕೊಡುವುದುಂಟು. ಕೊಂಡ ಮೊದಲ ಕೆಲವು ಸಲ ಕಾಯುವಾಗ ಪಕ್ಕದಲ್ಲೇ ಇದ್ದು, ದೀಪ ಆರುತ್ತದೆಯೇ ನೋಡಿಕೊಳ್ಳಿ.

ಹೀಟಿಂಗ್ ಪ್ಯಾಡ್

ಇದು ಬಟ್ಟೆಯೊಳಗೆ ತಂತಿ ಹೆಣೆದ ಪಟ್ಟಿ. ಮಂಡಿಗೆಂದೇ ಸುತ್ತಿ ಕಟ್ಟುವ ಮಾದರಿ ಸುಮಾರು 700 ರೂಪಾಯಿಯಿಂದ 2,000ದವರೆಗೆ ಇದೆ. ಮೂರು ಹಂತದ ಬಿಸಿ, ಸಮನಾದ ಶಾಖ, ಕೈ ಬಿಡುವಾಗಿರುತ್ತದೆ. ಮಂಡಿಯ ಸುತ್ತಲೂ ಒಂದೇ ಹದದಲ್ಲಿ ಬಿಸಿ ಬೇಕೆಂದರೆ ಮನೆಯ ಸಾಧನಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಕರೆಂಟ್ ಖರ್ಚು ಲೆಕ್ಕಕ್ಕೇ ಬಾರದು: 60 ವ್ಯಾಟಿನ ಪ್ಯಾಡ್ 20 ನಿಮಿಷ ನಡೆದರೆ ಒಂದು ಯೂನಿಟ್ಟಿನ ಐವತ್ತನೆಯ ಒಂದು ಭಾಗ.

ಆದರೆ ಚೀಲಕ್ಕೆ ಇರುವ ಗುಣ ಇದಕ್ಕಿಲ್ಲ. ಇದು ಆರುವುದಿಲ್ಲ. 60 ಡಿಗ್ರಿಯ ಬಿಸಿ ಕ್ಷಣಗಳಲ್ಲಿ ಸುಡುತ್ತದೆ ಎಂದೆನಲ್ಲ, 44 ಡಿಗ್ರಿಯ ‘ಹಿತವಾದ’ ಬಿಸಿಯೂ ಆರು ಗಂಟೆ ಒಂದೇ ಕಡೆ ಇದ್ದರೆ ಚರ್ಮವನ್ನು ಸುಡಬಲ್ಲದು. ರಾತ್ರಿ ಕಟ್ಟಿಕೊಂಡು ನಿದ್ದೆ ಹೋಗುವವರಿಗೆ ಆಗುವುದು ಇದೇ. ಸುಡದಿದ್ದರೂ ತಿಂಗಳುಗಟ್ಟಲೆ ಹೀಗೆ ಮಾಡಿದರೆ ಚರ್ಮದ ಮೇಲೆ ಬಲೆಯಂತಹ ಕಂದುಗೆಂಪು ಗೆರೆಗಳು ಮೂಡುತ್ತವೆ. ಅವು ಕಂಡ ದಿನವೇ ಶಾಖ ನಿಲ್ಲಿಸಬೇಕು. ಹಾಗಾಗಿ ಸಮಯಕ್ಕೆ ತಾನೇ ನಿಲ್ಲುವ ಟೈಮರ್ ಇಲ್ಲದ ಪ್ಯಾಡ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ. ಮಲಗುವ ಮುನ್ನ ಬಳಸುವ ಅಭ್ಯಾಸ ಇರುವವರಿಗೆ ಟೈಮರ್ ಇದ್ದರೂ ನಾನು ರಬ್ಬರ್ ಚೀಲವನ್ನೇ ಹೇಳುತ್ತೇನೆ.

ಅಮೆರಿಕದಲ್ಲಿರುವ ಮಕ್ಕಳಿಗೂ ಒಂದು ಮಾತು. ಅಲ್ಲಿನ ಪ್ಯಾಡ್ 120 ವೋಲ್ಟಿನದು. ಊರಿಗೆ ತಂದು ಅಡಾಪ್ಟರ್ ಚುಚ್ಚಿ 230 ವೋಲ್ಟಿಗೆ ಹಾಕಿದರೆ ಅದು ನಾಲ್ಕು ಪಟ್ಟು ಹತ್ತಿರ ಶಾಖ ಕಕ್ಕುತ್ತದೆ, ಸುಟ್ಟುಹೋಗುತ್ತದೆ. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಪ್ಯಾಡಿನ ಹಣ ಕಳಿಸಿ, ಇಲ್ಲೇ ಕೊಳ್ಳಲಿ.

ಉಪ್ಪಿನ ಗಂಟು, ಎಕ್ಕದೆಲೆ, ಬಚ್ಚಲ ಮನೆಯ ಬಿಸಿನೀರು

ಹೆಂಚಿನ ಮೇಲೆ ಹುರಿದ ಕಲ್ಲುಪ್ಪನ್ನೋ ಮರಳನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುವ ಶಾಖಕ್ಕೆ ಕಾಸಿನ ಖರ್ಚಿಲ್ಲ. ಮಂಡಿಯ ಸಂದಿಗೊಂದಿಗೂ ಹೊಂದುತ್ತದೆ. ಇದರ ತೊಡಕು ಒಂದೇ, ಬಿಸಿ ಎಷ್ಟೆಂದು ಹೆಂಚು ಹೇಳುವುದಿಲ್ಲ. ಒತ್ತುವವರು ಗಂಟನ್ನು ಮೊದಲು ತಮ್ಮ ಮುಂಗೈ ಒಳಮೈಗೆ ಹಿಡಿದು ಹತ್ತರವರೆಗೆ ಎಣಿಸಲಾಗುವಷ್ಟು ಆರಿದ ಮೇಲೆಯೇ ಮಂಡಿಗೆ ತರಬೇಕು. ಆರಂಭದಲ್ಲಿ ತಟ್ಟಿ ತಟ್ಟಿ ತೆಗೆಯುತ್ತ, ಆಮೇಲೆ ಇರಿಸಬೇಕು. ಒತ್ತಲು ಇನ್ನೊಬ್ಬರಿರುವ ಮನೆಗೆ ಇದು ಒಳ್ಳೆಯ ಆಯ್ಕೆ.

ಎಕ್ಕದ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದು, ಲಕ್ಕಿ ಸೊಪ್ಪನ್ನು ಹುರಿದು ಗಂಟು ಕಟ್ಟುವುದು ಕೂಡ ಮೂಲತಃ ಶಾಖವೇ. ಎಲೆಯಲ್ಲಿ ತೇವ ಇರುವುದರಿಂದ ಬಿಸಿ ಚರ್ಮಕ್ಕೆ ಚೆನ್ನಾಗಿ ದಾಟುತ್ತದೆ. ಎಕ್ಕದ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಹಾನಿ. ಎಲೆ ಕಿತ್ತ ಕೈಯನ್ನು ಸೋಪು ಹಚ್ಚಿ ತೊಳೆಯದೆ ಕಣ್ಣುಜ್ಜಬೇಡಿ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ನಡೆಯುವ ಶಾಖ ಬೆಳಗಿನ ಸ್ನಾನ. ಹಂಡೆಯ ನೀರಾಗಲಿ, ಗೀಸರಿನ ನೀರಾಗಲಿ, ಸ್ಟೂಲಿನ ಮೇಲೆ ಕುಳಿತು ಮಂಡಿಗೆ ಹತ್ತು ನಿಮಿಷ ನೀರು ಹೊಯ್ದುಕೊಂಡರೆ ಬೆಳಗಿನ ಬಿಗಿತ ಸಾಕಷ್ಟು ಬಿಡುತ್ತದೆ. ಬೆಳಿಗ್ಗೆ ಮಾತ್ರ ತೊಂದರೆ ಇರುವವರು ಬೇರೇನೂ ಕೊಳ್ಳಬೇಕಿಲ್ಲ. ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ ಹಾಕಿಸುವ ಹಣ ಯಾವ ಪ್ಯಾಡಿಗಿಂತಲೂ ಸದ್ವಿನಿಯೋಗ.

ಕೆಂಪು ದೀಪ ಮತ್ತು ಮೇಣ

ಜನ ‘ಲೈಟ್ ಕೊಡಿಸುವುದು’ ಎನ್ನುವ ಇನ್ಫ್ರಾರೆಡ್ ದೀಪದ ಶಾಖ ಚರ್ಮದ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಮೈಗೆ ಏನೂ ತಾಗುವುದಿಲ್ಲ ಎಂಬುದು ಇದರ ಅನುಕೂಲ. ಮುಟ್ಟಿದರೆ ನೋಯುವ ಮಂಡಿಗೆ ಹಿತ. ದೀಪ ಒಂದೂವರೆ ಅಡಿಯಾದರೂ ದೂರವಿರಬೇಕು, ವಾಲಿ ಬೀಳದಂತೆ ನಿಲ್ಲಬೇಕು. ಮೊಮ್ಮಕ್ಕಳು ಓಡಾಡುವ ಮನೆಗೆ ಬೇಡ. ಆ ಅನುಕೂಲ ಬಿಟ್ಟರೆ, ಜೆಲ್ ಚೀಲ ಕೊಡದಂಥದ್ದೇನನ್ನೂ ಇದು ಕೊಡುವುದಿಲ್ಲ.

ಮೇಣದ್ದು ಬೇರೆ ಕಥೆ. ಪ್ಯಾರಫಿನ್ ಮೇಣಕ್ಕೆ ಖನಿಜ ಎಣ್ಣೆ ಬೆರೆಸಿ 50 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸಿಡುತ್ತಾರೆ. ಕೈಯನ್ನು ಅದ್ದಿ ತೆಗೆದು, ಪದರ ಗಟ್ಟಿಯಾದ ಮೇಲೆ ಮತ್ತೆ ಅದ್ದಿ, ಹೀಗೆ ಎಂಟು ಹತ್ತು ಸಲ ಮಾಡಿ ಪ್ಲಾಸ್ಟಿಕ್, ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಬಿಡುತ್ತಾರೆ. ಅಷ್ಟೇ ಬಿಸಿಯ ನೀರಿನಲ್ಲಿ ಕೈ ಇಡಲಾಗದು. ಮೇಣ ಶಾಖವನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ ಕೈ ಅದನ್ನು ತಡೆದುಕೊಳ್ಳುತ್ತದೆ. ಬೆರಳಿನ ಗಿಣ್ಣುಗಳ ಸುತ್ತ ಇಷ್ಟು ಸಮನಾಗಿ ಕೂರುವ ಶಾಖ ಇನ್ನೊಂದಿಲ್ಲ. ಅಮೆರಿಕದ ಆ ಮಾರ್ಗಸೂಚಿ ಮೇಣವನ್ನು ಹೆಸರಿಸಿರುವುದೂ ಕೈಯ ಸವೆತಕ್ಕೆ ಮಾತ್ರ. ಮಂಡಿಗೆ ಬ್ರಷ್ಷಿನಿಂದ ಬಳಿಯುತ್ತಾರೆ, ಆದರೆ ಆ ರಗಳೆಗೆ ತಕ್ಕ ಹೆಚ್ಚಿನ ಲಾಭ ಇಲ್ಲ. ಎರಡೂ ಕೈ ನೋಯುವವರು, ಹೊಲಿಗೆ, ಟೈಪಿಂಗ್, ಹೂ ಕಟ್ಟುವಂತಹ ಕೆಲಸದವರು ಮನೆಗೇ ಮೇಣದ ಯಂತ್ರ ತಂದರೆ ತಪ್ಪಿಲ್ಲ. ಕೆಲವು ಸಾವಿರ ರೂಪಾಯಿ ಆಗುತ್ತದೆ, ಮೇಣವನ್ನು ಮತ್ತೆ ಮತ್ತೆ ಕರಗಿಸಬಹುದು. ಒಲೆಯ ಮೇಲೆ ಮಾತ್ರ ಕರಗಿಸಬೇಡಿ, ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ.

‘ಕರೆಂಟ್ ಕೊಡಿಸುವುದು’

ಇದು ಒಂದು ಚಿಕಿತ್ಸೆಯ ಹೆಸರಲ್ಲ. ಫಿಸಿಯೋಥೆರಪಿ ಕೇಂದ್ರದಲ್ಲಿ ಮಂಡಿಗೆ ಪಟ್ಟಿ ಅಂಟಿಸಿ ಜುಮ್ಮೆನ್ನಿಸುವ ಟೆನ್ಸ್, ಐಎಫ್‌ಟಿ ಯಂತ್ರಗಳು ಶಾಖ ಕೊಡುವುದೇ ಇಲ್ಲ, ನರವನ್ನು ಚೋದಿಸುತ್ತವೆ. ಜೆಲ್ ಹಚ್ಚಿ ಮೇಲೆ ಆಡಿಸುವುದು ಅಲ್ಟ್ರಾಸೌಂಡ್. ನಿಜವಾದ ಆಳದ ಶಾಖ ಕೊಡುವುದು ಶಾರ್ಟ್‌ವೇವ್ ಡಯಾಥರ್ಮಿ. 27.12 ಮೆಗಾಹರ್ಟ್ಸ್‌ನ ಅಲೆಗಳಿಂದ ಅಂಗಾಂಶ ಒಳಗಿನಿಂದಲೇ ಬಿಸಿಯಾಗುತ್ತದೆ, ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೂ.

ಕೇಳಲು ಆಕರ್ಷಕ. ಆದರೆ ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಟೆನ್ಸ್, ಐಎಫ್‌ಟಿ, ಅಲ್ಟ್ರಾಸೌಂಡ್, ಲೇಸರ್ ಮತ್ತು ಬಿಟ್ಟು ಬಿಟ್ಟು ಕೊಡುವ ಶಾರ್ಟ್‌ವೇವ್ ಚಿಕಿತ್ಸೆಯನ್ನು ಸವೆತಕ್ಕೆ ಕೊಡಬೇಡಿ ಎಂದೇ ಹೇಳಿತು. ಲಾಭವಾಗುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಅದು ಕೊಟ್ಟ ಕಾರಣ. ಟೆನ್ಸ್ ಬಗ್ಗೆ ಅಮೆರಿಕದ ಮಾರ್ಗಸೂಚಿಯೂ ಬಲವಾಗಿಯೇ ಬೇಡವೆಂದಿತು. ನಗರಗಳಲ್ಲಿ ಒಂದು ಸಲಕ್ಕೆ ಮುನ್ನೂರರಿಂದ ಏಳುನೂರು ರೂಪಾಯಿ ಹಿಡಿದರೂ ಹತ್ತು ದಿನಕ್ಕೆ ಮೂರರಿಂದ ಏಳು ಸಾವಿರ, ಜೊತೆಗೆ ಆಟೋ ಬಾಡಿಗೆ, ಮೆಟ್ಟಿಲು.

ಹಾಗಾದರೆ ಪಕ್ಕದ ಮನೆಯವರು ಹೇಗೆ ಸಲೀಸಾದರು? ಒಳ್ಳೆಯ ಕೇಂದ್ರದಲ್ಲಿ ಯಂತ್ರದ ಹತ್ತು ನಿಮಿಷದ ನಂತರ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಿಸುತ್ತಾರೆ. ಅವರ ನಡಿಗೆ ತಿದ್ದಿದ್ದು ಬಹುಶಃ ಆ ಇಪ್ಪತ್ತು ನಿಮಿಷ. ಆದ್ದರಿಂದ ಕೇಂದ್ರವನ್ನು ಆರಿಸುವಾಗ ಯಾವ ಯಂತ್ರ ಇದೆ ಎಂದು ಕೇಳಬೇಡಿ, ವ್ಯಾಯಾಮ ಯಾರು ಕಲಿಸುತ್ತಾರೆ, ಮನೆಯಲ್ಲಿ ಮಾಡಲು ಬರೆದು ಕೊಡುತ್ತಾರೆಯೇ ಎಂದು ಕೇಳಿ. ಯಂತ್ರಕ್ಕೆ ಕಟ್ಟಿ ಮೊಬೈಲ್ ಹಿಡಿದು ಕೂರುವವರಿದ್ದರೆ ಎದ್ದು ಬನ್ನಿ. ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗವಿದ್ದರೆ ಮೊದಲು ಅಲ್ಲಿಯೇ ವಿಚಾರಿಸಿ.

ಡಯಾಥರ್ಮಿಗೆ ಹೋಗುವುದೇ ಆದರೆ: ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಆ ಜಾಗದಲ್ಲಿ ಲೋಹದ ರಾಡು, ಕೃತಕ ಮಂಡಿ ಇರುವವರು ಅದರ ಹತ್ತಿರ ಸುಳಿಯಬಾರದು. ಗೆಜ್ಜೆ, ಕಾಲುಂಗುರ, ಸೇಫ್ಟಿ ಪಿನ್ ತೆಗೆದಿಡಬೇಕು. ಮಂಡಿ ಬೆವರಿದ್ದರೆ ಒರೆಸಿಕೊಳ್ಳಬೇಕು, ಬೆವರು ಚರ್ಮಕ್ಕಿಂತ ಬೇಗ ಕಾದು ಸುಡುತ್ತದೆ.

ಜಾನು ಬಸ್ತಿ

ಉದ್ದಿನ ಹಿಟ್ಟನ್ನು ಕಲಸಿ ಮಂಡಿಯ ಸುತ್ತ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಔಷಧೀಯ ತೈಲ ತುಂಬಿ, ಆರಿದಂತೆ ತೆಗೆದು ಮತ್ತೆ ಬಿಸಿ ಮಾಡಿ ಹೊಯ್ಯುತ್ತ ಅರ್ಧ ಗಂಟೆ ಮಲಗಿಸುತ್ತಾರೆ. ಒಂದು ವಾರದಿಂದ ಎರಡು ವಾರ ನಡೆಯುತ್ತದೆ. ಶಾಖದ ದೃಷ್ಟಿಯಿಂದ ಇದು ಹದವಾದ, ಮಂಡಿಯ ಮೇಲೆ ಸರಿಯಾಗಿ ನಿಲ್ಲುವ, ಸುಡುವ ಭಯ ಕಡಿಮೆ ಇರುವ ವಿಧಾನ, ಮಾಡುವವರಿಗೆ ಕೈ ಹದ ಇದ್ದರೆ. ಜೊತೆಗೆ ಯಾರೋ ಒಬ್ಬರು ಅರ್ಧ ಗಂಟೆ ನಿಮ್ಮ ಕಾಲಿನ ಕಡೆ ಗಮನ ಕೊಟ್ಟು ಕೂರುತ್ತಾರೆ. ಅದೂ ಸಣ್ಣ ಸಂಗತಿಯಲ್ಲ.

ತೈಲ ಕೀಲಿನೊಳಗೆ ಇಳಿದು ಗ್ರೀಸಿನ ಕೆಲಸ ಮಾಡುತ್ತದೆ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಡಿ. ಕೀಲಿಗೆ ತನ್ನದೇ ದ್ರವ ಇದೆ, ಅದರ ಸುತ್ತ ಗಟ್ಟಿ ಕೋಶ ಇದೆ. ಮೇಲೆ ಹೊಯ್ದ ಎಣ್ಣೆ ಅಲ್ಲಿಗೆ ದಾಟುವುದಿಲ್ಲ. ಆಪರೇಷನ್ ತಪ್ಪಿಸುತ್ತೇವೆಂದು ಪ್ಯಾಕೇಜ್ ಮಾರುವವರಿಂದ ದೂರವಿರಿ. ಕೈಯಲ್ಲಿ ಹಣವಿದೆ, ಹಿತವೆನಿಸುತ್ತದೆ, ವ್ಯಾಯಾಮವೂ ನಡೆದಿದೆ ಎನ್ನುವವರು ಮಾಡಿಸಿಕೊಳ್ಳಲಿ. ಸಾಲ ಮಾಡಿ ಬೇಡ.

ನೀವು ಯಾವ ಗುಂಪಿನವರು?

ಬೆಳಿಗ್ಗೆ ಮಾತ್ರ ಬಿಗಿತ, ದಿನದ ಉಳಿದ ಹೊತ್ತು ಪರವಾಗಿಲ್ಲ ಎನ್ನುವವರಿಗೆ ಬಿಸಿನೀರ ಸ್ನಾನ. ಹಗಲಿಡೀ ನಿಂತು ಪಾಠ ಮಾಡುವ, ಅಡುಗೆ ಕೆಲಸಕ್ಕೆ ಹೋಗುವವರಿಗೆ ಸಂಜೆ ಜೆಲ್ ಚೀಲ. ಮನೆಯಲ್ಲಿ ನೋಡಿಕೊಳ್ಳುವವರಿದ್ದು ರಾತ್ರಿ ನೋವು ಕಾಡುವವರಿಗೆ ರಬ್ಬರ್ ಚೀಲ. ಎರಡೂ ಮಂಡಿಗೆ ದಿನಕ್ಕೆ ಎರಡು ಸಲ ಬೇಕು, ಚರ್ಮದ ಸಂವೇದನೆ ಚೆನ್ನಾಗಿದೆ, ಸಾವಿರ ರೂಪಾಯಿ ಹೊರೆಯಲ್ಲ ಎನ್ನುವವರಿಗೆ ಟೈಮರ್ ಇರುವ ಪ್ಯಾಡ್. ಕೈ ಬೆರಳು ಸವೆದವರಿಗೆ ಮೇಣ. ಐದು ಸಾವಿರ ಖರ್ಚು ಮಾಡಲು ಸಿದ್ಧರಿರುವವರು ಅದನ್ನು ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟರಿಗೆ ಕೊಟ್ಟು, ಶಾಖಕ್ಕೆ ನಾನೂರರ ಚೀಲ ಇಟ್ಟುಕೊಳ್ಳಿ. ತೂಕ ಹೆಚ್ಚಿರುವವರಿಗಂತೂ ಇಳಿದ ಒಂದೊಂದು ಕಿಲೋ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ನಾಲ್ಕು ಕಿಲೋ ಹೊರೆ ಇಳಿಸುತ್ತದೆ.

ಯಾವುದನ್ನೇ ಆರಿಸಿ, 15ರಿಂದ 20 ನಿಮಿಷ ಸಾಕು. ಐದು ನಿಮಿಷಕ್ಕೊಮ್ಮೆ ಬಟ್ಟೆ ಸರಿಸಿ ಚರ್ಮ ನೋಡಿ. ತಿಳಿಗೆಂಪು ಸರಿ, ಕಡುಗೆಂಪೋ ಬಿಳಿ ಮಚ್ಚೆಯೋ ಕಂಡರೆ ತೆಗೆಯಿರಿ. ನೋವಿನ ಮುಲಾಮು ಹಚ್ಚಿದ ಮೇಲೆ ಶಾಖ ಬೇಡ. ಮೆಣಸಿನ ಸತ್ವದ ಮುಲಾಮು ಸುಡುತ್ತದೆ, ವಿಂಟರ್‌ಗ್ರೀನ್ ಎಣ್ಣೆಯ ಮುಲಾಮು ಬಿಸಿಗೆ ಹೆಚ್ಚು ಹೀರಿಕೊಂಡು ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವದ ತೊಂದರೆ ತರಬಹುದು. ನೋವಿನ ಔಷಧದ ಪಟ್ಟಿ ಅಂಟಿಸಿಕೊಂಡಿದ್ದರೆ ಅದರ ಮೇಲಂತೂ ಶಾಖ ಕೂಡದು.

ಶಾಖ ತೆಗೆದ ಕೂಡಲೇ ಮಂಚದ ಮೇಲೆ ಕಾಲು ಚಾಚಿ ಕುಳಿತು, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಅದನ್ನು ಕೆಳಕ್ಕೆ ಒತ್ತಿ. ತೊಡೆಯ ಸ್ನಾಯು ಗಟ್ಟಿಯಾಗುವುದು ಕೈಗೆ ತಿಳಿಯಬೇಕು. ಐದು ಎಣಿಸಿ ಬಿಡಿ, ಹತ್ತು ಸಲ. ಆಮೇಲೆ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಮಾಡಿ ಇಳಿಸಿ, ಅದೂ ಹತ್ತು ಸಲ. ನಂತರ ಮನೆಯೊಳಗೇ ಒಂದಿಷ್ಟು ಓಡಾಟ.

ಎರಡು ಮೂರು ವಾರ ಹೀಗೆ ಮಾಡಿಯೂ ಏನೂ ವ್ಯತ್ಯಾಸ ಕಾಣದಿದ್ದರೆ ಸಾಧನ ಬದಲಿಸುತ್ತ ಹೋಗಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಊದಿ ಜ್ವರ ಬಂದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ಚೀಲ ಹುಡುಕದೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಕೃತಕ ಮಂಡಿ ಹಾಕಿಸಿಕೊಂಡವರು ಸುತ್ತಲಿನ ಸ್ನಾಯು ಬಿಗಿದಾಗ ಚೀಲದ ಶಾಖ ಬಳಸಬಹುದೇ, ಯಾವಾಗಿನಿಂದ ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮರಗಟ್ಟಿದಂತಿರುವ ಗಾಯದ ಸುತ್ತಲಿನ ಚರ್ಮಕ್ಕೆ ಹಲವು ತಿಂಗಳು ಬಿಸಿ ಸರಿಯಾಗಿ ತಿಳಿಯುವುದಿಲ್ಲ.